ನೇಣುಗಂಬವೂ ಲಾವಣಿಯೂ

ಅಪರಾಧಿ ಎಂದರೆ ಯಾರು? ಶಾಸನವನ್ನು ಮೀರಿದವನು ಎನ್ನುತ್ತದೆ ನ್ಯಾಯಸ್ಥಾನ. ಜನರ ನಾಲಗೆ ಮಾತ್ರ ಎಲ್ಲ ವೇಳೆಯಲ್ಲಿಯೂ ಆ ತೀರ್ಪನ್ನು ಒಪ್ಪುವುದಿಲ್ಲ. ಇದಕ್ಕೆ ಲಂಡನ್ನಿನದೊಂದು, ನಮ್ಮ ಮುಧೋಳ ಸೀಮೆಯದೊಂದು, ಹೀಗೆ ಎರಡು ನಿದರ್ಶನಗಳನ್ನು ವಾಚಕರ ಮುಂದಿಡುತ್ತೇನೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ, ಮನೆಯೊಳಗಿಂದ 40 ಷಿಲಿಂಗು ಬೆಲೆಯ ವಸ್ತು ಕದ್ದವನಿಗೂ ಮರಣದಂಡನೆ ವಿಧಿಸಬಹುದಾಗಿತ್ತು. ಲಂಡನ್ನಿನ ಟೈಬರ್ನ್ ಎಂಬಲ್ಲಿ 1783ರವರೆಗೆ ಬಯಲಿನಲ್ಲಿಯೇ ಗಲ್ಲಿಗೇರಿಸುತ್ತಿದ್ದರು. ನೋಡಿದವರು ಹೆದರಲಿ ಎಂಬುದು ಸರಕಾರದ ಎಣಿಕೆ. ಜನರಾದರೋ ಜಾತ್ರೆಗೆ ಬಂದಂತೆ ಬಂದರು. ಸತ್ತವನ ಚರಿತ್ರೆಯನ್ನು ಕಾಸಿಗೆ ಕೊಂಡು ಓದಿದರು. ಸೆರೆಮನೆಯಿಂದ ಮತ್ತೆ ಮತ್ತೆ ತಪ್ಪಿಸಿಕೊಂಡ ಜಾಕ್ ಶೆಪರ್ಡ್ ಎಂಬ ಕಳ್ಳನನ್ನು 1724ರ ನವೆಂಬರ್ 16ರಂದು ಗಲ್ಲಿಗೇರಿಸಿದರು. ಅವನ ಹೆಸರು ಮನೆಮಾತಾಗಿ ಉಳಿಯಿತು.

ಇನ್ನು ನಮ್ಮ ಸೀಮೆಗೆ ಬರೋಣ. 1857ರಲ್ಲಿ, ಉತ್ತರದಲ್ಲಿ ದಂಗೆಯೆದ್ದ ಕಾಲಕ್ಕೆ, ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಕಾಯದೆ ಬಂದಿತು. ಮುಧೋಳ ಸಂಸ್ಥಾನದ ಹಲಗಲಿಯಲ್ಲಿದ್ದವರು ಬೇಡರು. ಬೇಟೆಗಾರನಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಕೊಡೆವೆಂದರು. ಜಡಗ, ಬಾಲ, ಹನುಮ, ರಾಮ ಎಂಬವರು ಮುಂದಾಳುಗಳು. ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸುಮಾರು 100 ಮಂದಿ ಮಡಿದರು. 290 ಮಂದಿ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲಿ 6 ಮಂದಿಯನ್ನು ಗಲ್ಲಿಗೇರಿಸಿದರು. ಆ ಆರು ಮಂದಿಗೆ ಅವರ ಊರಿನಲ್ಲಿಯೇ ನೇಣು ಹಾಕಿದುದೇತಕ್ಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಟೈಬರ್ನಿನ ಎಣಿಕೆಯೇ ಇಲ್ಲಿಯೂ ನಡೆಯಿತು.

ಆದರೆ ಎರಡಕ್ಕೂ ಒಂದು ಅಂತರವುಂಟು. ಶೆಪರ್ಡ್ ಕದ್ದವನು, ಅವನ ಚಾತುರ್ಯಕ್ಕೆ ಜನ ಮರುಳಾದರು. ಹಲಗಲಿಯವರು ಪರರ ಸೊತ್ತಿಗೆ ಕೈಹಾಕಿದವರಲ್ಲ, ತಮ್ಮದನ್ನು ಬಿಡದವರು. ನಿನ್ನೆ ಹೆಗಲ ಮೇಲಿದ್ದ ಆಯುಧ ಇಂದು ಅಪರಾಧವಾದುದು ಕಾಯದೆಯ ಒಂದು ಮಾತಿನಿಂದ. ಇಷ್ಟಾಗಿ, ಹನ್ನೊಂದೇ ತಿಂಗಳಲ್ಲಿ, 1858ರ ನವೆಂಬರ್ 1ರ ರಾಣಿಯ ಘೋಷಣೆ, ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಪಾಲುಗೊಂಡವರನ್ನುಳಿದು ಮಿಕ್ಕ ಬಂಡಾಯಗಾರರಿಗೆ ಕ್ಷಮೆಯನ್ನು ಸಾರಿತು. ಗಲ್ಲಿಗೇರಿದ ಹತ್ತೊಂಬತ್ತು ಮಂದಿಗೆ ಆ ಕ್ಷಮೆಯಿಂದ ಆಗಬೇಕಾದುದೇನು?

ಸರಕಾರದ ದಫ್ತರವು ಸತ್ತವರ ತಲೆಯೆಣಿಸಿತು. ಕುರ್ತಕೋಟಿಯ ಕಲ್ಮೇಶನನ್ನು ನೆನೆದು ಹಾಡಿದ ಲಾವಣಿಕಾರನು ಮನೆಮನೆಯ ನಷ್ಟವನ್ನೆಣಿಸಿದನು. ಕೊಡಲಿ, ಉಪ್ಪು, ಬೆಲ್ಲ, ಬೀಸುವ ಕಲ್ಲು, ಕಡೆಗೆ ಹೆಣ್ಣುಮಕ್ಕಳ ಮಂಗಳಸೂತ್ರದವರೆಗೆ ದಂಡು ದೋಚಿದುದೆಲ್ಲ ಅವನ ಪಟ್ಟಿಯಲ್ಲಿದೆ. ವಿಚಿತ್ರವೆಂದರೆ, ಈ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದವನು ಅದೇ ಸರಕಾರದ ಅಧಿಕಾರಿ, ಜೆ. ಎಫ್. ಫ್ಲೀಟ್. ಮುಂದೆ ಇದು ಕನ್ನಡ ಶಾಲೆಯ ಪಾಠವೂ ಆಯಿತು.

ಬಂಡುಕೋರರೆಂದು ನೇಣಿಗೆ ಹಾಕಿದವರನ್ನು ನಮ್ಮ ಮಕ್ಕಳು ವೀರರೆಂದು ಬಾಯಿಪಾಠ ಮಾಡಿದರು. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ವಾಚಕರಿಗೆ ಹಲಗಲಿ ದೂರದ ಊರೇನಲ್ಲ. ಅಲ್ಲಿಗೆ ಹೋದಾಗ ಆ ಮನೆಗಳ ಬೀಸುವ ಕಲ್ಲನ್ನೂ ಒಮ್ಮೆ ನೆನೆಯಿರಿ.