ಬೇಲಾಪುರದಲ್ಲಿ ಬೆಳೆಯುವ ಮನೆಗಳು

ಥಾಣೆ, ಡೊಂಬಿವಲಿ, ಕಲ್ಯಾಣದ ಫ್ಲ್ಯಾಟುಗಳಲ್ಲಿ ನೀವು ಪರದೆ ಬದಲಿಸಬಹುದು, ಬಣ್ಣ ಬದಲಿಸಬಹುದು. ಪಕ್ಕದ ಮನೆಗೂ ಸೇರಿದ ಗೋಡೆಯನ್ನು ಮಾತ್ರ ಅಲುಗಿಸುವಂತಿಲ್ಲ. ನವಿಮುಂಬಯಿಯ ಬೇಲಾಪುರದಲ್ಲಿ ಈ ತೊಡಕನ್ನೇ ಬಿಡಿಸುವ ಪ್ರಯತ್ನವೊಂದು ನಡೆದಿತ್ತು, ಗೊತ್ತೇ?

1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಸಂಸ್ಥೆಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಅಲ್ಲಿ ‘ಆರ್ಟಿಸ್ಟ್ಸ್ ವಿಲೇಜ್’ ರೂಪಿಸಿದರು. ಸುಮಾರು 7 ಮನೆಗಳಿಗೆ 8 ಮೀಟರ್ ಚೌಕದ ಒಂದು ಅಂಗಳ. ಯಾವ ಮನೆಗೂ ಜಂಟಿ ಗೋಡೆಯಿಲ್ಲ. ಸಂಸಾರ ಬೆಳೆದಂತೆ, ಕೈಯಲ್ಲಿ ನಾಲ್ಕು ಕಾಸು ಕೂಡಿದಂತೆ ಮನೆಯವರೇ ಕೋಣೆ ಕಟ್ಟಿಕೊಳ್ಳಲಿ ಎಂಬುದು ಅವರ ಆಶಯ. ಊರಲ್ಲಿ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ ಅಲ್ಲವೇ? ಮೊದಲು ಪಡಸಾಲೆ, ಅಡುಗೆಮನೆ. ಮಗನ ಮದುವೆಗೆ ಇನ್ನೊಂದು ಕೋಣೆ.

ಜನ ಕಟ್ಟಿಕೊಂಡರು. ಹಲವರು ಹೆಂಚಿನ ಮೂಲ ಮನೆಯನ್ನೇ ಕೆಡವಿ ಕಾಂಕ್ರೀಟಿನ ಮಹಡಿ ಎಬ್ಬಿಸಿದರು. ಕೊರಿಯಾ 2015ರಲ್ಲಿ ತೀರಿಕೊಂಡರು; ಅವರು ಬರೆದ ನಕ್ಷೆಯ ಅಂದ ಅಲ್ಲಿ ಮಾಸುತ್ತಿದೆ. ಆದರೆ ಬದಲಾಗಲೆಂದೇ ಕಟ್ಟಿದ ಮನೆ ಬದಲಾದರೆ ಅದನ್ನು ಸೋಲೆನ್ನಲು ಮನಸ್ಸು ಬಾರದು.

ನಿಮ್ಮ ಮನೆಗೆ ಹೊಸ ರೂಪ ಕೊಡುವ ಮುನ್ನ ಒಮ್ಮೆ ಯೋಚಿಸಿ: ಹತ್ತು ವರ್ಷದ ನಂತರ ಇಲ್ಲಿ ಯಾರ್ಯಾರು ಇರುತ್ತಾರೆ? ಗೋಡೆತುಂಬ ಕಪಾಟು ಜಡಿಸದೆ, ಅವರಿಗೂ ಒಂದಿಷ್ಟು ಜಾಗ ಬಿಡಿ.