ಒಲೆಯ ಬೆಂಕಿ, ಮನೆಯ ದೀಪ

ಆಗುಂಬೆಯ ಮಳೆಯನ್ನು ಈ ಸೀಮೆಯವರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ೧೯೪೬ರ ಆಗಸ್ಟ್ ತಿಂಗಳೊಂದರಲ್ಲೇ ಇಲ್ಲಿ ೪೫೦೮ ಮಿಲಿಮೀಟರ್ ಮಳೆ ಸುರಿದುದು ದಾಖಲೆಯಲ್ಲಿದೆ. ಮಳೆಯನ್ನು ಅಳೆದಿಟ್ಟವರುಂಟು, ಆ ತಿಂಗಳು ಕೂಲಿಕಾರರ ಗುಡಿಸಲುಗಳಲ್ಲಿ ಒಲೆ ಹೇಗೆ ಉರಿಯಿತೆಂಬುದನ್ನು ಬರೆದಿಟ್ಟವರನ್ನು ನಾನು ಕಂಡಿಲ್ಲ. ದೇವಾಲಯದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಗೋಪುರ, ಪೀಠ, ಗಂಟೆಗಳ ಚರಿತ್ರೆಯ ಜೊತೆಗೆ ಒಲೆ-ದೀಪಗಳ ಚರಿತ್ರೆಗೂ ಸ್ವಲ್ಪ ಸ್ಥಳ ದೊರೆಯಲೆಂದು ಈ ಲೇಖನ.

ಮಲೆನಾಡಿನಲ್ಲಿ ಸೌದೆಯೆಂದರೆ ಅಡುಗೆಗೆ ಮಾತ್ರವಲ್ಲ. ಬಚ್ಚಲ ಹಂಡೆಗೆ ಬೆಂಕಿ ಬೇಕು, ನೆನೆದ ಕಂಬಳಿ ಒಣಗಲು ಬೆಂಕಿ ಬೇಕು, ಬಾಣಂತಿ-ಕೂಸುಗಳ ಮೈ ಬೆಚ್ಚಗಿರಲೂ ಬೆಂಕಿಯೇ ಬೇಕು. ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟದ ಸೌಲಭ್ಯವಿತ್ತು. ಬೇಸಿಗೆಯಲ್ಲೇ ಸೌದೆ ಕೊಟ್ಟಿಗೆ ತುಂಬುತ್ತಿತ್ತು. ಭೂಮಿಯಿಲ್ಲದವನಿಗೆ ತೋಟವೂ ಇಲ್ಲ, ಬೆಟ್ಟವೂ ಇಲ್ಲ. ಅವನ ಪಾಲಿಗೆ ಉಳಿದದ್ದು ಕಾಡಿನಲ್ಲಿ ಬಿದ್ದ ಒಣಕಟ್ಟಿಗೆಯ ತಲೆಹೊರೆ ಮಾತ್ರ. ಮಳೆ ಹಿಡಿದ ಮೇಲೆ ಅದೂ ಹಸಿಯೇ. ಅಕ್ಕಿಯಿದ್ದರೂ ಗಂಜಿ ಬೇಯದ ಮನೆಯ ಬಡತನ ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಪವಿತ್ರಗ್ರಂಥದ ಕಣ್ಣಿಗೆ ಅದು ಬಿದ್ದಿದೆ. ಎಲೀಯ ಪ್ರವಾದಿ ಸರೆಪ್ತದ ವಿಧವೆಯನ್ನು ಕಂಡಾಗ ಆಕೆ ಪುರಳೆ ಆಯುತ್ತಿದ್ದಳು. ಹಿಟ್ಟು, ಎಣ್ಣೆಗಳಷ್ಟೇ ಆ ಕಡ್ಡಿಗಳೂ ಆಕೆಗೆ ಅಗತ್ಯವಾಗಿದ್ದವು. ಸಂತ ಯಕೋಬರಂತೂ, ಬಟ್ಟೆಯಿಲ್ಲದವನಿಗೆ ಬೆಚ್ಚಗಿರೆಂದು ಬಾಯಿಮಾತಿನಲ್ಲಿ ಹರಸಿ ಬರಿಗೈಯಲ್ಲಿ ಕಳುಹಿಸುವವರನ್ನು ತಮ್ಮ ಪತ್ರದಲ್ಲಿ ನೇರವಾಗಿಯೇ ಖಂಡಿಸಿದ್ದಾರೆ.

ಕಥೋಲಿಕ ಲೋಕದಲ್ಲಿ ಇಂಥ ನೆರವಿಗೆ ಒಂದು ಕ್ರಮವನ್ನು ಹಾಕಿಕೊಟ್ಟದ್ದು ಸಂತ ವಿನ್ಸೆಂಟ್ ದೆ ಪೌಲ್ ಸಭೆ. ಪ್ಯಾರಿಸ್ ನಗರದಲ್ಲಿ ೧೮೩೩ರ ಏಪ್ರಿಲ್ ೨೩ರಂದು ಈ ಸಭೆ ಆರಂಭವಾದಾಗ ಫ್ರೆಡೆರಿಕ್ ಓಝಾನಮ್ ಅವರಿಗೆ ಕೇವಲ ೨೦ ವರ್ಷ. ಹಿಂದಿನ ವರ್ಷವಷ್ಟೇ ಕಾಲರಾ ರೋಗ ಆ ನಗರವನ್ನು ತಲ್ಲಣಗೊಳಿಸಿತ್ತು. ಓಝಾನಮ್ ಮತ್ತು ಅವರ ಮಿತ್ರರೊಬ್ಬರು ತಮ್ಮ ಕೋಣೆಯಲ್ಲಿ ಚಳಿಗಾಲಕ್ಕೆಂದು ಉಳಿಸಿಟ್ಟಿದ್ದ ಸೌದೆಯನ್ನು ತಾವೇ ಹೊತ್ತೊಯ್ದು ಬಡವರ ಮನೆಗೆ ಕೊಟ್ಟರೆಂದೂ, ಅದೇ ಅವರ ಮೊದಲ ದಾನವೆಂದೂ ಸಭೆಯ ಪರಂಪರೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಹಣವಲ್ಲ, ಅನ್ನವಲ್ಲ, ಸೌದೆ! ಮಲೆನಾಡಿಗರಾದ ನಮಗೆ ಇದು ಬೇಗ ಅರ್ಥವಾಗುವ ಮಾತು. ಬಡವರ ಮನೆಯ ಹೊಸ್ತಿಲನ್ನು ಹೇಗೆ ತುಳಿಯಬೇಕೆಂಬುದನ್ನು ಆ ತರುಣರಿಗೆ ಕಲಿಸಿದವರು ಭಗಿನಿ ರೋಸಲಿ ರಾಂದ್ಯು. ಓಝಾನಮ್‌ರಿಗೆ ೧೯೯೭ರಲ್ಲಿಯೂ ಭಗಿನಿಗೆ ೨೦೦೩ರಲ್ಲಿಯೂ ಧನ್ಯರ ಪದವಿ ಪ್ರಾಪ್ತವಾಯಿತು.

ಭಾರತಕ್ಕೆ ಈ ಸಭೆ ಬಂದದ್ದು ೧೮೬೩ರಲ್ಲಿ. ಇಬ್ಬರು ಸದಸ್ಯರು ಕೂಡಿ ಮನೆಗೆ ಹೋಗುವುದು, ಜಾತಿಮತ ಕೇಳದಿರುವುದು, ಕಂಡದ್ದನ್ನು ಬೀದಿಯಲ್ಲಿ ಆಡದಿರುವುದು ಅದರ ರೀತಿ. ಕೂಟದ ಕೊನೆಗೆ ಗುಪ್ತ ಚೀಲವೊಂದು ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂಬುದು ಪಕ್ಕದವನಿಗೂ ತಿಳಿಯದು. ನಮ್ಮ ಪ್ರಾಂತ್ಯ ೧೯೬೩ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿ, ೧೯೮೮ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯವಾಯಿತು. ಆಡಳಿತ ಬದಲಾದರೂ ಬಡವನ ಒಲೆ ಬದಲಾಗಲಿಲ್ಲ.

ದೀಪದ ಕಥೆ ಇನ್ನೂ ವಿಚಿತ್ರವಾದುದು. ಜೋಗದ ವಿದ್ಯುದಾಗಾರ ೧೯೪೮ರಲ್ಲಿ ಕೆಲಸ ಮೊದಲಿಟ್ಟಿತು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆಲ್ಲ ಬೆಳಕು ಹರಿಯಿತು. ಅದಕ್ಕಾಗಿ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದವು. ಹಿನ್ನೀರಿನ ಅಂಚಿನ ಎಷ್ಟೋ ಮನೆಗಳು ಮಾತ್ರ ಮುಂದೆ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯನ್ನೇ ನಂಬಿ ಕುಳಿತವು. ಇದು ಅನ್ಯಾಯವೆಂದು ಹೇಳಲು ನಾವು ಸಂಕೋಚಪಡಬೇಕಾಗಿಲ್ಲ.

ರಾಜ್ಯದ ಭಾಗ್ಯಜ್ಯೋತಿಯೂ ೧೯೮೮-೮೯ರಲ್ಲಿ ಆರಂಭವಾದ ಕೇಂದ್ರದ ಕುಟೀರಜ್ಯೋತಿಯೂ ಗುಡಿಸಲಿಗೆ ಒಂದೊಂದು ದೀಪ ಕೊಟ್ಟವು. ನಿಗದಿತ ಯುನಿಟ್ ಮೀರಿದರೆ ಬಿಲ್ಲು ಬರುತ್ತಿತ್ತು. ಬಾಕಿ ಬೆಳೆದರೆ ಫ್ಯೂಸ್ ಕೀಳುತ್ತಿದ್ದರು. ೨೦೧೬ರಲ್ಲಿ ಉಜ್ವಲ ಯೋಜನೆಯ ಅನಿಲ ಒಲೆ ಬಂದಿತಾದರೂ ಖಾಲಿಯಾದ ಸಿಲಿಂಡರನ್ನು ತುಂಬಿಸುವ ಖರ್ಚು ಕೂಲಿಯವನ ಮೇಲೆಯೇ ಉಳಿಯಿತು. ೨೦೨೩ರ ಗೃಹಜ್ಯೋತಿ ತಿಂಗಳಿಗೆ ೨೦೦ ಯುನಿಟ್‌ಗಳ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಗೆ ಶೇಕಡ ೧೦ ಸೇರಿಸಿ, ಅಷ್ಟು ವಿದ್ಯುತ್ತಿನ ಹೊರೆಯನ್ನು ಇಳಿಸಿತು. ಆದರೆ ಹಳೆಯ ಬಾಕಿಯನ್ನು ಮನೆಯವರೇ ತೀರಿಸಬೇಕೆಂಬ ನಿಯಮವಿತ್ತು.

ಗುಪ್ತ ಚೀಲಕ್ಕೆ ಕೆಲಸ ಉಳಿದಿರುವುದು ಇಂಥ ಕಡೆಗಳಲ್ಲಿ: ಹಳೆಯ ಬಾಕಿಯೊಂದು, ಒಡೆದ ಮೀಟರ್ ಹಲಗೆಯೊಂದು, ವೈರಿಂಗ್ ಸರಿಪಡಿಸುವ ಕೂಲಿ, ಒಂದು ಸಿಲಿಂಡರಿನ ಬೆಲೆ. ಇವು ಸಣ್ಣ ಮೊತ್ತಗಳು. ಕೇಳಲು ನಾಚಿಕೆಯಾಗುವಷ್ಟು ಸಣ್ಣವು. ಆದ್ದರಿಂದಲೇ ಕೇಳುವವರಿಗೆ ಕಾಯದೆ ಮನೆಗೆ ಹೋಗಿ ನೋಡುವ ಹಳೆಯ ಪದ್ಧತಿ ಬೇಕಾಗುತ್ತದೆ. ಹೋಗುವವರು ಮೃಗಶಿರೆ ಮಳೆ ಹಿಡಿಯುವ ಮೊದಲೇ ಹೋಗಬೇಕು. ಆರಿದ್ರೆಯಲ್ಲಿ ಕೊಟ್ಟ ಸೌದೆ ಉರಿಯುವುದಿಲ್ಲ.