ಟೆನ್ಷನ್ ಮಾಡ್ಕೋಬೇಡ, ಎಲ್ಲಾ ಆಗತ್ತೆ!

ಮದುವೆಯಾಗಿ ಎರಡು ಮೂರು ವರ್ಷ ದಾಟಿ, ಇನ್ನೂ ಮಗುವಾಗದ ಯಾವ ಹೆಣ್ಣುಮಗಳನ್ನು ಬೇಕಾದರೂ ಕೇಳಿ ನೋಡಿ. ಮೇಲಿನ ತಲೆಬರಹದ ಮಾತನ್ನು ಅವಳು ಕಡಿಮೆ ಅಂದರೂ ನೂರು ಸಲ ಕೇಳಿಸಿಕೊಂಡಿರುತ್ತಾಳೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ... ಹೇಳುವವರದ್ದು ಒಳ್ಳೆಯ ಮನಸ್ಸೇ, ಅನುಮಾನವಿಲ್ಲ. ಆದರೆ ಆ ಮಾತಿನ ಹಿಂದೆ ಇನ್ನೊಂದು ಮಾತು ಅಡಗಿ ಕೂತಿರುತ್ತೆ. "ಆಗದೇ ಇದ್ರೆ ಅದಕ್ಕೆ ನಿನ್ನ ಟೆನ್ಷನ್ನೇ ಕಾರಣ" ಅಂತ.

ನಾನು ಇದನ್ನು ನಾಲ್ಕು ವರ್ಷ ಕೇಳಿದವಳು. ನಡುವೆ ಒಂದು ಸಲ ನಿಂತ ಬಸಿರು ಒಂಬತ್ತನೇ ವಾರಕ್ಕೆ ಹೋಯಿತು. ಆಗ ನೋಡಲು ಬಂದ ನೆಂಟರೊಬ್ಬರು ಅಡುಗೆಮನೆಯಲ್ಲಿ ಅಮ್ಮನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಅವಳು ತುಂಬಾ ಯೋಚನೆ ಮಾಡ್ತಾಳೆ ಕಣ್ರೀ, ಅದಕ್ಕೇ ನಿಲ್ಲಲಿಲ್ಲ." ಆ ವಾಕ್ಯ ಎಷ್ಟು ತಿಂಗಳು ತಲೆ ಕೊರೆಯಿತು ಅಂದರೆ, ಕೊನೆಗೆ ಈ ಮಾತು ಹುಟ್ಟಿದ್ದೆಲ್ಲಿ, ಇದು ನಿಜವಾ ಸುಳ್ಳಾ ಅಂತ ಹುಡುಕಲು ಕೂತೆ. ಇತಿಹಾಸದ ಮೇಷ್ಟ್ರ ಮಗಳಾಗಿ ಇಷ್ಟಾದರೂ ಮಾಡಬೇಡವೇ :)

ಮೊದಲು ಸಿಕ್ಕಿದ್ದು ಚರಕ ಸಂಹಿತೆ. ಅದರ ಸೂತ್ರಸ್ಥಾನದಲ್ಲಿ ಯಾವುದಕ್ಕೆ ಯಾವುದು ಶ್ರೇಷ್ಠ ಅನ್ನುವ ಉದ್ದನೆಯ ಪಟ್ಟಿಯೊಂದಿದೆ. ಗರ್ಭ ನಿಲ್ಲುವುದಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು 'ಸೌಮನಸ್ಯ', ಅಂದರೆ ಮನಸ್ಸು ಪ್ರಸನ್ನವಾಗಿರುವುದು ಅನ್ನುತ್ತೆ ಅದು. ನೋಡಿ, ಸುಮಾರು ಎರಡು ಸಾವಿರ ವರ್ಷದ ಹಿಂದಿನ ಟೆನ್ಷನ್ ಮಾಡ್ಕೋಬೇಡ! ಓದಿದಾಗ ನನಗೆ ಸಿಟ್ಟೇ ಬಂತು. ಆದರೆ ಮುಂದೆ ಶಾರೀರಸ್ಥಾನಕ್ಕೆ ಹೋದಾಗ ಬೇರೆಯೇ ಒಂದು ವಿಷಯ ಕಂಡಿತು. ಅಲ್ಲಿ ಗರ್ಭಿಣಿಯನ್ನು ಎರಡು ಹೃದಯ ಇರುವವಳು ಎಂದು ಕರೆದು, ಅವಳಿಗೆ ಪ್ರಿಯವಾದದ್ದನ್ನೂ ಹಿತವಾದದ್ದನ್ನೂ ಕೊಟ್ಟು ನೋಡಿಕೊಳ್ಳಬೇಕು ಅನ್ನುತ್ತಾನೆ. ಗಮನಿಸಿ, ಇದು ಬಸುರಿಗೆ ಹೇಳಿದ ಮಾತಲ್ಲ, ಅವಳ ಸುತ್ತ ಇರುವವರಿಗೆ ಹೇಳಿದ್ದು. "ನೀನು ಖುಷಿಯಾಗಿರು" ಅಂತಲ್ಲ, "ಅವಳನ್ನು ಖುಷಿಯಾಗಿಡಿ" ಅಂತ. ಈ ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆ ಅಂತ ಮಕ್ಕಳಾಗದೆ ಕಾದವರಿಗೇ ಗೊತ್ತು.

ಹಾಗಂತ ಚರಕನಿಗೆ ಪೂರ್ತಿ ಮಾರ್ಕ್ಸ್ ಕೊಡುವ ಹಾಗೂ ಇಲ್ಲ. ಅದೇ ಶಾರೀರಸ್ಥಾನದಲ್ಲಿ, ಸದಾ ದುಃಖದಲ್ಲಿರುವ ಗರ್ಭಿಣಿಗೆ ಅಂಜುಬುರುಕ, ಕೃಶ ಅಥವಾ ಅಲ್ಪಾಯುಷಿ ಮಗು ಹುಟ್ಟುತ್ತೆ ಅಂತಲೂ ಇದೆ. ಬಯಕೆ ತೀರಿಸದಿದ್ದರೆ ಮಗು ಕುಂಟೋ ಗೂನೋ ಆಗಬಹುದು ಅಂತ ಸುಶ್ರುತ ಹೆದರಿಸುತ್ತಾನೆ. ಈ ಬೆದರಿಕೆ ಒಂದು ಲೆಕ್ಕದಲ್ಲಿ ಹೆಣ್ಣಿನ ಪರವಾಗಿಯೇ ಕೆಲಸ ಮಾಡಿರಬೇಕು. ಸೊಸೆ ಮಾವಿನಕಾಯಿ ಬೇಕು ಅಂದರೆ ಅತ್ತೆ ಇಲ್ಲ ಅನ್ನುವ ಹಾಗಿಲ್ಲವಲ್ಲ!

ನಮ್ಮ ಕಡೆಯ ಬಯಕೆ ಊಟ, ಬಳೆ ತೊಡಿಸುವುದು, ಮಡಿಲು ತುಂಬುವುದು, ಚೊಚ್ಚಲಿಗೆ ತವರಿಗೆ ಕರೆದುಕೊಂಡು ಹೋಗುವುದು, ಉತ್ತರ ಕರ್ನಾಟಕದ ಕುಬಸ, ಇವೆಲ್ಲ ಈ ದೃಷ್ಟಿಯಿಂದ ನೋಡಿದರೆ ಹೆದರಿದ ಹೆಣ್ಣನ್ನು ಒಬ್ಬಳೇ ಬಿಡದಿರುವ ಏರ್ಪಾಡುಗಳು. ಶಾಸ್ತ್ರದ ಹೆಸರಿನಲ್ಲಿ ನಾಲ್ಕು ಜನ ಹೆತ್ತ ಹೆಂಗಸರು ಅವಳ ಸುತ್ತ ಕೂರುತ್ತಾರೆ. ಅವರ ಮುಖ ನೋಡಿದರೇ ಅರ್ಧ ಧೈರ್ಯ. (ಮಕ್ಕಳಿಲ್ಲದ ಹೆಂಗಸನ್ನು ಅದೇ ಶಾಸ್ತ್ರದಿಂದ ದೂರ ಇಡುತ್ತಾರೆ ಅನ್ನುವುದನ್ನು ನಾನು ಮರೆತಿಲ್ಲ. ಎರಡು ಸೀಮಂತಗಳಿಗೆ ನನ್ನನ್ನು ಕರೆದಿರಲಿಲ್ಲ.)

ಹೆದರಿಕೆ ಅನ್ನುವುದು ಆಗ ಸುಮ್ಮನೆ ಮನಸ್ಸಿನ ಭ್ರಮೆಯೂ ಆಗಿರಲಿಲ್ಲ. ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಅಲಂಕಾರಕ್ಕಲ್ಲ. ಚಕ್ರವರ್ತಿಯ ಹೆಂಡತಿ ಮುಮ್ತಾಜ್ ಮಹಲ್ 1631ರಲ್ಲಿ ಬುರ್ಹಾನ್‌ಪುರದಲ್ಲಿ ತೀರಿಕೊಂಡದ್ದು ಹದಿನಾಲ್ಕನೇ ಹೆರಿಗೆಯಲ್ಲಿ. ಅಷ್ಟು ಹಿಂದೆ ಯಾಕೆ, 2001-03ರ ಸರ್ಕಾರಿ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇಳಿಸಿದ್ದು ಯಾರೂ ಟೆನ್ಷನ್ ಬಿಟ್ಟಿದ್ದರಿಂದಲ್ಲ. ಆಸ್ಪತ್ರೆ, ರಕ್ತ, ಆಂಬುಲೆನ್ಸ್, ನರ್ಸುಗಳು, ಆಶಾ ಕಾರ್ಯಕರ್ತೆಯರು, ಇವುಗಳಿಂದ.

ಮಕ್ಕಳಾಗದ್ದಕ್ಕೆ ಕಾರಣ ಹುಡುಕುವಾಗ ದೊಡ್ಡ ಮನೆಗೊಂದು ಲೆಕ್ಕ, ಸಣ್ಣ ಮನೆಗೊಂದು ಲೆಕ್ಕ ಇರುವುದು ನಮ್ಮ ಮೈಸೂರಿನ ಕತೆಯಲ್ಲೇ ಕಾಣುತ್ತೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ವಶಪಡಿಸಿಕೊಂಡ ಮೇಲೆ, ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಶಾಪ ಕೊಟ್ಟು ಕಾವೇರಿಗೆ ಹಾರಿದಳು, ಅದಕ್ಕೇ ಅರಸರಿಗೆ ಮಕ್ಕಳಾಗುವುದಿಲ್ಲ ಅನ್ನುವ ಐತಿಹ್ಯ ಎಲ್ಲರಿಗೂ ಗೊತ್ತು. 2017ರ ಡಿಸೆಂಬರಿನಲ್ಲಿ ಯದುವೀರ ಒಡೆಯರ್ ಅವರಿಗೆ ಗಂಡು ಮಗು ಹುಟ್ಟಿದಾಗಲೂ ಶಾಪ ವಿಮೋಚನೆಯ ಮಾತು ಜೋರಾಗಿಯೇ ನಡೆಯಿತು. ಅರಮನೆಯಲ್ಲಿ ಮಕ್ಕಳಾಗದಿದ್ದರೆ ನಾನೂರು ವರ್ಷದ ಹಿಂದೆ ಸತ್ತವಳ ಶಾಪ, ನಮ್ಮಂಥವರ ಮನೆಯಲ್ಲಾದರೆ ಸೊಸೆಯ ಯೋಚನೆ! ಒಟ್ಟಿನಲ್ಲಿ ಎರಡು ಕಡೆಯೂ ಹೆಂಗಸೇ.

ಇದು ನಮ್ಮ ದೇಶದ ಕಾಯಿಲೆಯೇನೋ ಅಂದುಕೊಂಡು ಆಚೆ ನೋಡಿದರೆ, ಯುರೋಪಿನ ಕತೆ ಇದಕ್ಕಿಂತ ಭರ್ಜರಿಯಾಗಿದೆ. ಇಂಗ್ಲೆಂಡಿನ ರಾಣಿ ಮೊದಲನೆಯ ಮೇರಿ 1554ರ ಜುಲೈನಲ್ಲಿ, 38ನೇ ವಯಸ್ಸಿನಲ್ಲಿ ಮದುವೆಯಾದಳು. ಸೆಪ್ಟೆಂಬರಿಗೆ ಮುಟ್ಟು ನಿಂತಿತು, ಹೊಟ್ಟೆ ಬಂತು. 1555ರ ಏಪ್ರಿಲ್‌ನಲ್ಲಿ ಹೆರಿಗೆಗೆಂದು ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಹೋದಳು. ತಿಂಗಳ ಕೊನೆಗೆ ಗಂಡು ಮಗುವಾಯಿತೆಂದು ಸುದ್ದಿ ಹಬ್ಬಿ ಲಂಡನ್ನಿನಲ್ಲಿ ಗಂಟೆ ಬಾರಿಸಿದರು. ಮಗು ಹುಟ್ಟಿದ ಸುದ್ದಿ ತಿಳಿಸುವ ಪತ್ರಗಳನ್ನೂ ತಾರೀಖಿನ ಜಾಗ ಖಾಲಿ ಬಿಟ್ಟು ಬರೆದಿಟ್ಟಿದ್ದರು. ಮೇ ಹೋಯಿತು, ಜೂನ್ ಹೋಯಿತು, ಜುಲೈ ಹೋಯಿತು... ಆಗಸ್ಟಿನಲ್ಲಿ ರಾಣಿ ಬರಿಗೈಯಲ್ಲಿ ಹೊರಗೆ ಬಂದಳು. ಬಸಿರೇ ಇರಲಿಲ್ಲ. ಇಂದಿಗೂ ಅವಳ ಬಗ್ಗೆ ಬರೆಯುವ ಕೆಲವರು ಮಗು ಬೇಕೆಂಬ ಹುಚ್ಚು ಆಸೆಯೇ ಹೊಟ್ಟೆ ಬರಿಸಿತು ಅನ್ನುತ್ತಾರೆ, ಇನ್ನು ಕೆಲವರು ಗಡ್ಡೆ ಇತ್ತೇನೋ ಅನ್ನುತ್ತಾರೆ. ನನಗೆ ಕಾಡುವುದು ಆ ಮೂರು ತಿಂಗಳು. ಇಡೀ ದೇಶ ಹೊಟ್ಟೆ ನೋಡುತ್ತಾ ಕೂತಿರುವಾಗ, ಏನೂ ಆಗದೆ ಒಂದೊಂದೇ ದಿನ ಎಣಿಸುವುದು.

ಆ ಕಾಲದ ಯುರೋಪಿನಲ್ಲಿ ತಾಯಿಯ ಕಲ್ಪನೆಯೇ ಮಗುವಿನ ಮೈಮೇಲೆ ಅಚ್ಚೊತ್ತುತ್ತೆ ಅನ್ನುವ ಗಟ್ಟಿ ನಂಬಿಕೆ ಇತ್ತು. ಬಸುರಿ ಮೊಲ ನೋಡಿ ಬೆಚ್ಚಿದರೆ ಮಗುವಿಗೆ ಸೀಳುತುಟಿ, ಹೀಗೆ. (ನಮ್ಮಲ್ಲಿ ಅದೇ ಸೀಳುತುಟಿಗೆ ಗ್ರಹಣದ ದಿನ ಚಾಕು ಹಿಡಿದದ್ದು ಕಾರಣ. ಮೊಲವೋ ಗ್ರಹಣವೋ, ತಪ್ಪು ಮಾತ್ರ ಅಮ್ಮನದ್ದೇ!) 1726ರಲ್ಲಿ ಗೋಡಾಲ್ಮಿಂಗ್ ಅನ್ನುವ ಊರಿನ ಮೇರಿ ಟಾಫ್ಟ್ ಎಂಬ ಬಡ ಹೆಂಗಸು, ಬಸುರಿಯಾಗಿದ್ದಾಗ ಹೊಲದಲ್ಲಿ ಮೊಲ ಅಟ್ಟಿಸಿಕೊಂಡು ಹೋದೆ, ಈಗ ಮೊಲಗಳನ್ನೇ ಹೆರುತ್ತಿದ್ದೇನೆ ಅಂದಳು. ರಾಜನ ಆಸ್ಥಾನದ ವೈದ್ಯನೊಬ್ಬ ಅದನ್ನು ನಂಬಿ ಪುಸ್ತಕವನ್ನೇ ಬರೆದ! ಡಿಸೆಂಬರಿನಲ್ಲಿ ಅವಳು ಮೋಸ ಒಪ್ಪಿಕೊಂಡಾಗ ಊರೆಲ್ಲ ನಕ್ಕಿತು. ಆ ನಗುವಿನಲ್ಲಿ ಎಲ್ಲರೂ ಮರೆತ ಸಣ್ಣ ವಿಷಯವೊಂದಿದೆ. ಆ ವರ್ಷವೇ ಮೇರಿಗೆ ನಿಜವಾಗಿ ಗರ್ಭಪಾತ ಆಗಿತ್ತು. ಮುಂದಿನ ವರ್ಷ ಲಂಡನ್ನಿನ ವೈದ್ಯ ಜೇಮ್ಸ್ ಬ್ಲಾಂಡೆಲ್, ತಾಯಿಯ ಕಲ್ಪನೆಗೆ ಅಂಥ ಶಕ್ತಿಯೇನೂ ಇಲ್ಲ ಅಂತ ವಾದಿಸಿ ಕಿರುಪುಸ್ತಕ ಬರೆದ. ಜಗಳ ವರ್ಷಗಟ್ಟಲೆ ನಡೆಯಿತು.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಮೊಲ ಹೋಗಿ ಮನೋವಿಶ್ಲೇಷಣೆ ಬಂತು. ಹೆಲೆನ್ ಡಾಯ್ಚ್ ಅನ್ನುವ ಪ್ರಸಿದ್ಧ ಮನೋವಿಶ್ಲೇಷಕಿ 1945ರ ತಮ್ಮ ಪುಸ್ತಕದಲ್ಲಿ ಬಂಜೆತನದ ಮಾನಸಿಕ ಕಾರಣಗಳ ಬಗ್ಗೆ ವಿಸ್ತಾರವಾಗಿ ಬರೆದರು. ಮುಂದಿನ ಹತ್ತಿಪ್ಪತ್ತು ವರ್ಷ, ಕಾರಣ ಗೊತ್ತಾಗದ ಪ್ರಕರಣಗಳಲ್ಲೆಲ್ಲ "ಈಕೆಗೆ ಒಳಮನಸ್ಸಿನಲ್ಲಿ ತಾಯ್ತನ ಬೇಡವಾಗಿದೆ" ಅನ್ನುವುದು ಅಮೆರಿಕದಲ್ಲಿ ಫ್ಯಾಷನ್ನೇ ಆಯಿತು. ಆಮೇಲೆ ಹಾರ್ಮೋನ್ ಪರೀಕ್ಷೆ, ಲ್ಯಾಪರೋಸ್ಕೋಪಿ ಬಂದು ಒಂದೊಂದೇ ದೈಹಿಕ ಕಾರಣ ಕಾಣತೊಡಗಿದ ಹಾಗೆ ಈ ಒಳಮನಸ್ಸಿನ ಪಾಲು ಕರಗುತ್ತಾ ಹೋಯಿತು. ಇನ್ನು ಗಂಡಸರ ವಿಷಯ. ಡಚ್ಚರ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣು ನೋಡಿದ್ದು 1677ರಲ್ಲಿ. ಹೆಚ್ಚುಕಮ್ಮಿ ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತೆ ಅನ್ನುತ್ತಾರೆ ಈಗಿನ ವೈದ್ಯರು. ಆದರೂ ನಮ್ಮಲ್ಲಿ ಹೆಂಡತಿಗೆ ಹತ್ತು ಪರೀಕ್ಷೆ, ನಾಲ್ಕು ದೇವಸ್ಥಾನ, ಘಾಟಿ ಸುಬ್ರಹ್ಮಣ್ಯದಲ್ಲಿ ಒಂದು ನಾಗರಕಲ್ಲು ಆದಮೇಲೆ ಗಂಡನ ಒಂದೇ ಒಂದು ಸುಲಭದ ಪರೀಕ್ಷೆಯ ಮಾತು ಬರುತ್ತೆ. ನನ್ನವರು ಮೊದಲ ವಾರವೇ ಹೋಗಿ ಮಾಡಿಸಿಕೊಂಡು ಬಂದರು, ಅಷ್ಟಕ್ಕೇ ಅವರನ್ನು ದೇವರಂಥ ಗಂಡ ಅಂತ ಹೊಗಳಿದರು!

ದತ್ತು ತಗೊಂಡ ಕೂಡಲೇ ಟೆನ್ಷನ್ ಇಳಿದು ಸ್ವಂತ ಮಗು ಆಗುತ್ತೆ ಅನ್ನುವ ಮಾತೂ ಕೇಳಿರುತ್ತೀರಿ. ಅಮೆರಿಕದಲ್ಲಿ 1979ರಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಿದರು. ದತ್ತು ತಗೊಂಡವರಿಗೂ ತಗೊಳ್ಳದವರಿಗೂ ಆಮೇಲೆ ಬಸಿರಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದವರ ಕತೆ ಮಾತ್ರ ಊರೆಲ್ಲ ಸುತ್ತುತ್ತೆ, ಆಗದವರದ್ದು ಯಾರೂ ಹೇಳುವುದಿಲ್ಲ, ಅಷ್ಟೇ.

ನನಗೆ ನಿಜವಾದ ಉತ್ತರ ಸಿಕ್ಕಿದ್ದು 2011ರ ಒಂದು ಲೇಖನದಲ್ಲಿ. ಕಾರ್ಡಿಫ್ ವಿಶ್ವವಿದ್ಯಾಲಯದ ಜಾಕಿ ಬೋಯಿವಿನ್ ಮತ್ತು ಜೊತೆಯವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು. 14 ಅಧ್ಯಯನಗಳ 3583 ಮಹಿಳೆಯರ ಮಾಹಿತಿಯನ್ನು ಒಟ್ಟು ಹಾಕಿ ನೋಡಿದಾಗ, ಐವಿಎಫ್ ನಂಥ ಚಿಕಿತ್ಸೆಗೆ ಮುಂಚೆ ಎಷ್ಟು ಆತಂಕ, ಬೇಸರ ಇತ್ತು ಅನ್ನುವುದಕ್ಕೂ ಆ ಸರದಿಯಲ್ಲಿ ಬಸಿರು ನಿಲ್ಲುವುದಕ್ಕೂ ಸಂಬಂಧ ಕಾಣಲಿಲ್ಲ. ತಮ್ಮಷ್ಟಕ್ಕೆ ಪ್ರಯತ್ನಿಸುತ್ತಿದ್ದ ದಂಪತಿಗಳ ಮೇಲೆ ಅಮೆರಿಕದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒತ್ತಡಕ್ಕೂ ಬಸಿರು ತಡವಾಗುವುದಕ್ಕೂ ನಂಟಿದೆ ಅಂದದ್ದೂ ಉಂಟು. ಹಾಗಾಗಿ ಚರ್ಚೆ ಮುಗಿದಿಲ್ಲ. ಆದರೆ ಅಡುಗೆಮನೆಯ ತೀರ್ಪಿನಷ್ಟು ಖಚಿತವಾಗಿ ಹೇಳುವ ಧೈರ್ಯ ಯಾವ ವಿಜ್ಞಾನಿಗೂ ಇಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕ್ರೋಮೋಸೋಮ್‌ಗಳ ಏರುಪೇರು ಕಾರಣ. ಅದು ಯಾರ ಯೋಚನೆಯಿಂದಲೂ ಆಗುವಂಥದ್ದಲ್ಲ. ಇದನ್ನು ಓದಿದ ರಾತ್ರಿ ತುಂಬಾ ಹೊತ್ತು ಅತ್ತೆ, ಆಮೇಲೆ ಚೆನ್ನಾಗಿ ನಿದ್ದೆ ಬಂತು.

ಇಷ್ಟೆಲ್ಲಾ ಓದಿದ ಮೇಲೂ ಎರಡನೇ ಸಲ ಬಸಿರಾದಾಗ ಹೆದರಿಕೆ ಹೋಯಿತಾ? ಇಲ್ಲ. ಪ್ರತಿ ಸಲ ಬಚ್ಚಲಿಗೆ ಹೋದಾಗ ರಕ್ತ ಇದೆಯಾ ಅಂತ ನೋಡುವುದು, ಸ್ಕ್ಯಾನ್ ಹಿಂದಿನ ರಾತ್ರಿ ಕಣ್ಣು ಮುಚ್ಚದಿರುವುದು, ವಾಂತಿ ಒಂದು ದಿನ ನಿಂತರೆ ಗಾಬರಿ, ಜಾಸ್ತಿಯಾದರೂ ಗಾಬರಿ. ನಮ್ಮ ಚಿಕ್ಕಮ್ಮ ಒಬ್ಬರು ಬಂದು ಹದಿನೈದು ದಿನ ಇದ್ದರು. ಅವರು ಒಂದು ಸಲವೂ ಟೆನ್ಷನ್ ಮಾಡ್ಕೋಬೇಡ ಅನ್ನಲಿಲ್ಲ. ಅವರೆಕಾಳು ಹಿಸುಕುತ್ತಾ ಎದುರಿಗೆ ಕೂತು "ಈಗ ಏನು ಹೆದರಿಕೆ ಆಗ್ತಿದೆ, ಹೇಳೇ" ಅನ್ನುತ್ತಿದ್ದರು. ಹೇಳಿದೆ. ಆಪ್ತಸಮಾಲೋಚಕಿಯ ಹತ್ತಿರವೂ ಹೋದೆ. ಅವರು ಗಾಬರಿ ಪಡಲು ದಿನಕ್ಕೆ ಅರ್ಧ ಗಂಟೆ ಗೊತ್ತು ಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಬಂದ ಯೋಚನೆಯನ್ನು ಚೀಟಿಯಲ್ಲಿ ಬರೆದಿಟ್ಟು ಆ ಅರ್ಧ ಗಂಟೆಗೆ ಮುಂದೂಡಲು ಹೇಳಿಕೊಟ್ಟರು. ನಗಬೇಡಿ, ಕೆಲಸ ಮಾಡಿತು! ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಮಗಳಿಗೆ ಈಗ ಆರು ವರ್ಷ.

ಆತಂಕ ಮಗುವಾಗದ್ದಕ್ಕೆ ಕಾರಣವಲ್ಲದೆ ಇರಬಹುದು, ಆದರೆ ಅದೇ ಒಂದು ದೊಡ್ಡ ನೋವು. ಬೆಳೆಯುತ್ತಿರುವ ದೇಶಗಳಲ್ಲಿ ಶೇಕಡಾ 15.6ರಷ್ಟು ಗರ್ಭಿಣಿಯರಿಗೂ 19.8ರಷ್ಟು ಬಾಣಂತಿಯರಿಗೂ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ, ಇರುತ್ತೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನಿಂದ ಬೇರೆ ಮಾಡದೆ ಚಿಕಿತ್ಸೆ ಕೊಡುವ ತಾಯಿ-ಮಗು ವಾರ್ಡು 2009ರಲ್ಲಿ ಶುರುವಾಯಿತು. 2022ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಯಾರಿಗಾದರೂ ಬೇಕಾದರೆ ಇರಲಿ ಅಂತ ಬರೆದೆ.

ಕೊನೆಯದಾಗಿ ಇನ್ನೊಂದು. 1987ರಲ್ಲಿ ಎಡಿನ್‌ಬರೋದಲ್ಲಿ ಕಾಕ್ಸ್, ಹೋಲ್ಡನ್, ಸಗೋವ್ಸ್ಕಿ ಅನ್ನುವ ಮೂವರು ಬಾಣಂತಿಯರ ಮನಸ್ಥಿತಿ ತಿಳಿಯಲು ಹತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಅದು ಕನ್ನಡಕ್ಕೂ ಬಂದಿದೆ. ಕರ್ನಾಟಕದ ಹಳ್ಳಿಗಳ ಗರ್ಭಿಣಿಯರಲ್ಲಿ ಅದನ್ನು ಬಳಸಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಮೂರು ಪ್ರಶ್ನೆ ಆತಂಕಕ್ಕೆ ಸಂಬಂಧಿಸಿದ್ದು. ಆ ಮೂರರಲ್ಲಿ ಮೊದಲನೆಯದು, ಏನಾದರೂ ಎಡವಟ್ಟಾದಾಗ ಕಾರಣವಿಲ್ಲದೆ ನಿಮ್ಮನ್ನು ನೀವೇ ದೂರಿಕೊಂಡಿದ್ದೀರಾ ಅನ್ನುವುದು.

ನಿಮ್ಮ ಕಡೆ ಬಯಕೆ ಊಟಕ್ಕೆ, ಕುಬಸಕ್ಕೆ ಏನೇನು ಮಾಡುತ್ತಾರೆ? ಮಕ್ಕಳಿಲ್ಲದವರನ್ನೂ ಕರೆದು ಕೂರಿಸುವ ಪದ್ಧತಿ ಯಾವ ಊರಿನಲ್ಲಾದರೂ ಇದೆಯಾ? ಗೊತ್ತಿದ್ದವರು ಬರೆಯಿರಿ, ಕಾಯ್ತಿರ್ತೀನಿ.